ಹೊರಡುವ ತಾರೀಖು

ಏನೂ ಗೊತ್ತಿಲ್ಲದೆ ವೀಸಾ ಅರ್ಜಿ ಹಿಡಿದು ಬರುವವರ ಮೇಲೆ ನನಗೆ ಸಿಟ್ಟಿಲ್ಲ. ಬೈದು ಹೇಳಿದರೆ ಅವರು ಕೇಳುತ್ತಾರೆ. ಎಲ್ಲ ಗೊತ್ತಿದೆ ಅನ್ನುವವರಿದ್ದಾರಲ್ಲ, ಅದರಲ್ಲೂ ಇಂಗ್ಲೆಂಡಿನಲ್ಲಿ ಹತ್ತಿಪ್ಪತ್ತು ವರ್ಷ ಇಟ್ಟಿಗೆ ಹೊತ್ತು ಬಂದ ನಮ್ಮ ಉತ್ತರದ ಕಡೆಯ ಗಂಡಸರು, ಅವರು ಹೊಸಿಲು ದಾಟಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಬೈರಾಮ್ ಅಂಥವನು.

ನಮ್ಮ ದೇಶದ ರಾಜಧಾನಿ ತಿರಾನಾದಲ್ಲಿ, ಇಂಗ್ಲೆಂಡಿನ ವೀಸಾ ಅರ್ಜಿ ಕೇಂದ್ರದ ಎದುರು ಬೀದಿಯಲ್ಲಿ, ಔಷಧಿ ಅಂಗಡಿಯ ಪಕ್ಕಕ್ಕೆ ನನ್ನದೊಂದು ಕೋಣೆ. ಎರಡು ಮೇಜು, ಒಂದು ಜೆರಾಕ್ಸ್ ಯಂತ್ರ, ‘ತೆಫ್ತಾ, ಅಧಿಕೃತ ಅನುವಾದಕಿ’ ಎಂಬ ಬೋರ್ಡು. ಹದಿನೆಂಟು ವರ್ಷಗಳಿಂದ ಜನರ ಕಾಗದಪತ್ರಗಳನ್ನು ಇಂಗ್ಲಿಷಿಗೆ ತಿರುಗಿಸಿ, ಅರ್ಜಿ ತುಂಬಿ, ಮುದ್ರೆ ಒತ್ತಿ ಕೊಡುತ್ತಿದ್ದೇನೆ. ನನ್ನ ಬಾಯಿ ಕೆಟ್ಟದ್ದು ಎಂದು ಊರಿಗೆಲ್ಲ ಗೊತ್ತು. ನಾನು ತುಂಬಿದ ಅರ್ಜಿ ತಿರಸ್ಕಾರ ಆಗುವುದು ಕಡಿಮೆ ಎಂದೂ ಗೊತ್ತು. ಅದಕ್ಕೇ ಬೈಸಿಕೊಂಡಾದರೂ ಬರುತ್ತಾರೆ.

ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ, ಬಲಗಡೆ ಸ್ಟಿಯರಿಂಗ್ ಇರುವ ಕಪ್ಪು ಕಾರೊಂದು ನನ್ನ ಬಾಗಿಲಿನ ಮುಂದೆ ಪಾದಚಾರಿಗಳ ದಾರಿಯ ಮೇಲೇ ಹತ್ತಿ ನಿಂತಿತು. ಅದರಿಂದ ಮೂವರು ಇಳಿದರು. ಮುಂದೆ ಬೈರಾಮ್, ನಲವತ್ತೈದರ ಆಸುಪಾಸು, ಎಮ್ಮೆಯಂಥ ಕುತ್ತಿಗೆ. ಹಿಂದೆ ಅವನ ಅಕ್ಕ ಸಬ್ರಿಯೆ, ತಲೆಗೆ ಬಿಳಿ ವಸ್ತ್ರ ಕಟ್ಟಿದ್ದಳು. ಕೊನೆಯಲ್ಲಿ ಅಕ್ಕನ ಮಗಳು ಮಿಮೋಜಾ. ಸಬ್ರಿಯೆ ಒಂದು ಚೀಲ ಚೆಸ್ಟ್‌ನಟ್ ಕಾಯಿ ತಂದು ನನ್ನ ಕಾಗದಗಳ ಮೇಲೇ ಇಟ್ಟಳು.

“ವಿಸಿಟರ್ ವೀಸಾ. ಆರು ತಿಂಗಳದ್ದು. ಬೇಗ ಬೇಗ ಮಾಡಿಕೊಡಿ, ನಾವು ಇವತ್ತೇ ಕೂಕೆಸ್‌ಗೆ ವಾಪಸ್ ಹೋಗ್ಬೇಕು,” ಎಂದ ಬೈರಾಮ್, ಹೋಟೆಲಿನಲ್ಲಿ ಕಾಫಿಗೆ ಹೇಳುವ ಹಾಗೆ.

“ಯಾರಿಗೆ?”

“ಇವಳಿಗೆ.”

“ಹಾಗಾದ್ರೆ ಇವಳೇ ಹೇಳ್ಲಿ. ಇವಳಿಗೆ ಬಾಯಿ ಇಲ್ವಾ?”

ಮಿಮೋಜಾಳಿಗೆ ಬಾಯಿ ಇತ್ತು. ಇಪ್ಪತ್ತೊಂಬತ್ತು ವರ್ಷದ ಹುಡುಗಿ. ಉತ್ತರದ ಕೂಕೆಸ್ ಪಟ್ಟಣದಿಂದ ಮೇಲೆ ಗುಡ್ಡದ ಶಾಲೆಯೊಂದರಲ್ಲಿ ಎಂಟು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದಳು. ಅವಳು ಆ ಭಾಷೆ ಕಲಿತದ್ದು ಟಿವಿ ನೋಡಿ. ಆ ಭಾಷೆಯವರ ಎದುರು ಕೂತು ಒಂದು ಮಾತೂ ಆಡಿದವಳಲ್ಲ. ಈಗ ಶಾಲೆಯ ಹೆಡ್‌ಮಾಸ್ಟರು ಹೊಸ ರಾಗ ತೆಗೆದಿದ್ದ: ಸರಿಯಾದ ಸರ್ಟಿಫಿಕೇಟ್ ಇಲ್ಲದವರು ಇನ್ನು ಮುಂದೆ ಪಾಠ ಮಾಡುವಂತಿಲ್ಲ. ಅವನ ನಾದಿನಿ ಒಬ್ಬಳು ಸರ್ಟಿಫಿಕೇಟ್ ಹಿಡಿದು ಕಾಯುತ್ತಿದ್ದಾಳೆ ಎಂದು ಊರಿಗೆಲ್ಲ ತಿಳಿದಿತ್ತು. ಮಿಮೋಜಾ ಜಗಳವಾಡಿ, ಇಲಾಖೆಗೆ ಹೋಗಿ, ಸಂಬಳವಿಲ್ಲದ ರಜೆ ಬರೆಸಿಕೊಂಡಿದ್ದಳು. ಮುಂದಿನ ಸೆಪ್ಟೆಂಬರ್ ಒಂದಕ್ಕೆ ಸರ್ಟಿಫಿಕೇಟ್ ತಂದರೆ ಕೆಲಸ ಅವಳದು. ಇಲ್ಲದಿದ್ದರೆ ನಾದಿನಿಯದು.

ಲೀಡ್ಸ್ ನಗರದ ಒಂದು ಶಾಲೆ ಅವಳನ್ನು ಸೇರಿಸಿಕೊಂಡಿತ್ತು. ಬರೀ ಇಂಗ್ಲಿಷ್, ಮೂವತ್ತೆರಡು ವಾರ, ಜನವರಿ ಹನ್ನೊಂದರಿಂದ ಆಗಸ್ಟ್ ಇಪ್ಪತ್ತರವರೆಗೆ. ಅದೇ ಊರಿನಲ್ಲಿ ಮಾವ ಬೈರಾಮ್‌ನ ಮನೆ ಇತ್ತು.

“ಮೂವತ್ತೆರಡು ವಾರ ಅಂದ್ರೆ ಎಷ್ಟು ತಿಂಗಳು?” ಎಂದು ನಾನು ಬೈರಾಮ್‌ನನ್ನೇ ಕೇಳಿದೆ.

“ಏಳು ಚಿಲ್ಲರೆ.”

“ವಿಸಿಟರ್ ವೀಸಾ ಎಷ್ಟು ತಿಂಗಳು?”

“ಆರು. ಆಮೇಲೆ ಅಲ್ಲೇ ಮುಂದಕ್ಕೆ ಹಾಕಿಸ್ತೀನಿ. ನನಗೆ ಜನ ಗೊತ್ತು.”

“ನಿಮಗೆ ಗೊತ್ತಿರೋ ಜನ ನಿಮ್ಮ ಹಾಗೇ ಇರ್ತಾರೆ, ಬಿಡಿ. ಇವಳಿಗೆ ವಿಸಿಟರ್ ವೀಸಾ ನಡಿಯಲ್ಲ. ದೊಡ್ಡ ಓದಿಗೆ ಕೊಡೋ ಸ್ಟೂಡೆಂಟ್ ವೀಸಾನೂ ಈ ಕೋರ್ಸಿಗೆ ಸಿಗಲ್ಲ. ನಡುವೆ ಒಂದಿದೆ. ಬರೀ ಇಂಗ್ಲಿಷ್ ಕಲಿಯೋರಿಗೆ, ಆರು ತಿಂಗಳಿಗಿಂತ ಜಾಸ್ತಿ, ಹನ್ನೊಂದು ತಿಂಗಳೊಳಗೆ. ಮುಂದಕ್ಕೆ ಹಾಕಿಸೋ ಹಾಗಿಲ್ಲ, ಕೆಲಸ ಮಾಡೋ ಹಾಗಿಲ್ಲ. ಓದ್ಬೇಕು, ವಾಪಸ್ ಬರ್ಬೇಕು. ಅದೇ ಇವಳಿಗೆ ಸರಿ.”

“ಅವಳು ಬರ್ತಿರೋದು ನನ್ನ ಮನೆಗೆ ಕಣಮ್ಮಾ. ನನ್ನ ಅತಿಥಿ ಅವಳು. ವಿಸಿಟರ್ ಅಲ್ದೆ ಇನ್ನೇನು?”

“ಮಲಗೋದು ನಿಮ್ಮನೇಲಿ. ಹೋಗೋದು ಓದೋಕೆ. ವೀಸಾ ಕೊಡೋರಿಗೆ ಓದು ಮುಖ್ಯ, ನಿಮ್ಮ ಹಾಸಿಗೆ ಅಲ್ಲ.”

“ಹತ್ತೊಂಬತ್ತು ವರ್ಷ ಆಯ್ತು ನಾನು ಅಲ್ಲಿ. ನನಗೆ ಹೇಳಿಕೊಡ್ತೀರಾ?”

“ಮೊದಲನೇ ಸಲ ನೀವು ಯಾವ ವೀಸಾದಲ್ಲಿ ಹೋಗಿದ್ದು?”

ಅವನು ಜೆರಾಕ್ಸ್ ಯಂತ್ರದ ಕಡೆ ನೋಡಿದ. ನಾನು ಬಿಡಲಿಲ್ಲ. “ಲಾರಿ ವೀಸಾ ತಾನೇ?”

ಸಬ್ರಿಯೆ ಬಾಯಿಗೆ ತಲೆವಸ್ತ್ರದ ಅಂಚು ಅಡ್ಡ ಹಿಡಿದಳು. ಬೈರಾಮ್‌ನ ಕುತ್ತಿಗೆ ಕೆಂಪಾಯಿತು. “ಹೌದು, ಲಾರೀಲೇ ಹೋದೆ. ಆಲೂಗಡ್ಡೆ ಮೂಟೆ ಹಿಂದೆ ಹದಿನಾಲ್ಕು ಗಂಟೆ. ಏನೀಗ?”

“ಏನಿಲ್ಲ. ಅದಕ್ಕೇ ವೀಸಾ ವಿಷಯದಲ್ಲಿ ನೀವು ಬಾಯಿ ಹಾಕ್ಬೇಡಿ ಅಂತ.”

ಜಗಳ ಅಲ್ಲೇ ಮುಗಿಯುತ್ತಿತ್ತೋ, ಕೈ ಕೈ ಮಿಲಾಯಿಸುವವರೆಗೆ ಹೋಗುತ್ತಿತ್ತೋ ಗೊತ್ತಿಲ್ಲ. ಮಿಮೋಜಾ ನಡುವೆ ಮಾತಾಡಿದಳು. “ಮಾವ, ಅವರು ಹೇಳಿದ್ದನ್ನೇ ಮಾಡ್ಸೋಣ. ನನಗೆ ಒಂದೇ ಸಲ ಅವಕಾಶ ಇರೋದು.” ದನಿ ಎತ್ತರಿಸಲಿಲ್ಲ. ಆದರೆ ಅವನು ಕುರ್ಚಿ ಎಳೆದುಕೊಂಡು ಕೂತ.

ವೀಸಾ ಯಾವುದು ಎಂಬುದು ಹೀಗೆ ತೀರ್ಮಾನವಾಯಿತು. ನಾನು ಅವನ ಮುಂದೆ ಬಿಳಿ ಹಾಳೆ ಇಟ್ಟೆ. ಇವಳು ನಿಮ್ಮ ಮನೆಯಲ್ಲಿ ಇರುತ್ತಾಳೆ ಎಂದು ಒಂದು ಕಾಗದ ಬರೆಯಿರಿ, ವಿಳಾಸ ಹಾಕಿ, ಯಾವತ್ತಿನಿಂದ ಯಾವತ್ತಿನವರೆಗೆ ಎಂದು ಹಾಕಿ, ಸಹಿ ಮಾಡಿ, ಇಂಗ್ಲಿಷಿಗೆ ನಾನು ತಿರುಗಿಸುತ್ತೇನೆ ಎಂದೆ. ಅವನು ಕಾಲು ಗಂಟೆ ಬೆವರಿಕೊಂಡು ಬರೆದ. ಬರೆದದ್ದನ್ನು ನಾನು ಗಟ್ಟಿಯಾಗಿಯೇ ಓದಿದೆ: ‘ಮಿಮೋಜಾ ನನ್ನ ಅಕ್ಕನ ಮಗಳು. ನನ್ನ ಮನೆ ಅವಳ ಮನೆ. ಎಷ್ಟು ದಿನ ಬೇಕಾದರೂ ಇರಲಿ.’

“ಹೊರಡೋ ತಾರೀಖು ಎಲ್ಲಿ?”

“ಯಾವ ತಾರೀಖು?”

“ನಿಮ್ಮನೆ ಬಿಟ್ಟು ಹೊರಡೋ ತಾರೀಖು.”

ಅವನು ನನ್ನನ್ನು ನೋಡಿದ ರೀತಿ, ಅವನ ಕೆನ್ನೆಗೆ ಬಾರಿಸಿದ್ದರೂ ಹಾಗೆ ನೋಡುತ್ತಿರಲಿಲ್ಲ. “ನನ್ನ ಅಕ್ಕನ ಮಗಳಿಗೆ, ಅವಳಿನ್ನೂ ಮನೆಗೆ ಕಾಲೇ ಇಟ್ಟಿಲ್ಲ, ಯಾವತ್ತು ತೊಲಗ್ತೀಯಾ ಅಂತ ಕೇಳ್ಲಾ? ಅದನ್ನ ಬರೆದು, ಸಹಿ ಹಾಕಿ, ಇಂಗ್ಲಿಷ್‌ನೋನ ಕೈಗೆ ಕೊಡ್ಲಾ? ನೋಡಪ್ಪಾ, ನಾನು ಇಂಥವನು ಅಂತ?”

“ಕೊಡ್ಬೇಕು.”

“ನೀವು ಯಾವ ಕಡೆಯವರು?”

“ಲೂಮಾ. ನಿಮ್ಮ ಗುಡ್ಡದ ಕಡೆಯೇ.”

“ಲೂಮಾದವರಾಗಿ ಈ ಮಾತಾಡ್ತಿದೀರಲ್ಲ, ನಾಚಿಕೆ ಆಗಲ್ವಾ?”

ಆಗಲಿಲ್ಲ ಎಂದರೆ ಸುಳ್ಳು. ನಮ್ಮ ಕಡೆ ಅತಿಥಿಯನ್ನು ಏನು ಬೇಕಾದರೂ ಕೇಳಬಹುದು, ಯಾವಾಗ ಹೊರಡುತ್ತೀರಿ ಎಂದು ಮಾತ್ರ ಕೇಳುವಂತಿಲ್ಲ. ನಾನು ಚಿಕ್ಕವಳಿದ್ದಾಗ ಭೂಮಿ ಅಳೆಯಲು ಬಂದ ಒಬ್ಬ ಸರ್ವೆಯವನು ಹಿಮ ಬಿತ್ತೆಂದು ನಮ್ಮ ಮನೆಯಲ್ಲಿ ಉಳಿದ. ಹಿಮ ಕರಗಿತು, ದಾರಿ ತೆರೆಯಿತು, ಅವನು ಕದಲಲಿಲ್ಲ. ಅವನ ತಟ್ಟೆ ತುಂಬಿಸಲು ಅಮ್ಮ ತನ್ನ ತಟ್ಟೆ ಬರಿದು ಮಾಡಿಕೊಂಡಳು. ಏಪ್ರಿಲ್‌ವರೆಗೆ ಒಬ್ಬರೂ ಅವನನ್ನು ಕೇಳಲಿಲ್ಲ. ಇದೆಲ್ಲ ನನಗೆ ಗೊತ್ತು. ಆದರೆ ವೀಸಾ ಕೊಡುವ ಅಧಿಕಾರಿಗೆ ಬೇಕಾದದ್ದು ಆ ಒಂದು ಪ್ರಶ್ನೆಗೆ ಉತ್ತರ ಮಾತ್ರ.

“ನಾಚಿಕೆ ನಿಮ್ಮೂರಲ್ಲಿ ಇಟ್ಕೊಳ್ಳಿ. ನನಗೆ ತಾರೀಖು ಬೇಕು. ಇಲ್ಲಾಂದ್ರೆ ಚೆಸ್ಟ್‌ನಟ್ ಎತ್ಕೊಂಡು ಹೊರಡಿ,” ಎಂದೆ.

ಅವನು ಹಾಳೆಯನ್ನು ಮುದ್ದೆ ಮಾಡಿ ನನ್ನ ಮೇಜಿನ ಮೇಲೆ ಎಸೆದು ಹೊರಟ. ಹೋಗುತ್ತಾ ಬಾಗಿಲನ್ನು ಎಷ್ಟು ಜೋರಾಗಿ ಬಡಿದನೆಂದರೆ ಪಕ್ಕದ ಔಷಧಿ ಅಂಗಡಿಯವಳು ಬಂದು ಇಣುಕಿದಳು. ಸಬ್ರಿಯೆ ಅವನ ಹಿಂದೆ ಓಡಿದಳು. ಮಿಮೋಜಾ ಮಾತ್ರ ಅಲ್ಲೇ ನಿಂತು, “ಎಷ್ಟು ಹೊತ್ತಿನವರೆಗೆ ಅಂಗಡಿ ತೆಗೆದಿರ್ತೀರಾ?” ಎಂದು ಕೇಳಿದಳು.

ಮೂರು ದಿನ ಬಿಟ್ಟು ಅವಳು ಒಬ್ಬಳೇ ವ್ಯಾನಿನಲ್ಲಿ ಬಂದಳು. ಕೈಯಲ್ಲಿ ಮಾವನ ಕಾಗದ. ಸಬ್ರಿಯೆ ಎರಡು ದಿನ ಊಟ ಬಿಟ್ಟು ಕೂತ ಮೇಲೆ ಬರೆದನಂತೆ. ಅದರಲ್ಲಿ ಎಲ್ಲವೂ ಇತ್ತು: ವಿಳಾಸ, ಮನೆಯ ಕಾಗದದ ನಂಬರು, ಜನವರಿ ಒಂಬತ್ತರಿಂದ ಆಗಸ್ಟ್ ಇಪ್ಪತ್ತೆರಡರವರೆಗೆ ಎಂಬ ಸಾಲು. ಆ ಸಾಲನ್ನು ಬರೆಯುವಾಗ ಪೆನ್ನು ಒತ್ತಿ ಒತ್ತಿ ಹಾಳೆಯ ಹಿಂದೆಲ್ಲ ಉಬ್ಬಿತ್ತು. ನಾನು ಗೆದ್ದೆ ಅಂದುಕೊಂಡೆ. ತಾರೀಖುಗಳನ್ನು ಶಾಲೆಯ ಕಾಗದದ ಜೊತೆ ಹೋಲಿಸಿದೆ, ಪಾಸ್‌ಪೋರ್ಟ್ ನಂಬರನ್ನು ಬೆರಳಿಟ್ಟು ನೋಡಿದೆ. ನಾಲ್ಕು ಸಲ ಓದಿದೆ. ಆಮೇಲೆ ಇಂಗ್ಲಿಷಿಗೆ ತಿರುಗಿಸಿ, ಟೈಪ್ ಮಾಡಿ, ಮುದ್ರೆ ಒತ್ತಿದೆ.

“ಸರಿ ಇದ್ಯಾ?” ಎಂದಳು.

“ಈಗ ಸರಿ ಇದೆ. ನಿಮ್ಮ ಮಾವನಿಗೆ ಕೊನೆಗೂ ಬುದ್ಧಿ ಬಂತು.”

ನವೆಂಬರ್ ಹತ್ತಕ್ಕೆ ತಿರಸ್ಕಾರ ಬಂತು.

ಬೆಳಿಗ್ಗೆ ನಾನು ಬೀಗ ತೆಗೆಯುವಷ್ಟರಲ್ಲಿ ಅವಳು ಬಾಗಿಲಲ್ಲಿ ನಿಂತಿದ್ದಳು. ಅತ್ತಿರಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟಳು. “ಓದಿ. ಗಟ್ಟಿಯಾಗಿ ಓದಿ.”

ಆತಿಥೇಯರು ತಮ್ಮ ಪತ್ರದ ಕೊನೆಯಲ್ಲಿ ಹೀಗೆ ಬರೆದಿದ್ದಾರೆ, ಎಂದಿತ್ತು ಅಲ್ಲಿ: ‘ಆ ದಿನ ದಾಟಿದ ಮೇಲೂ ಅವಳು ಇರುವುದಾದರೆ ನನ್ನ ಬಾಗಿಲು ಅವಳಿಗೆ ತೆರೆದೇ ಇರುತ್ತದೆ.’ ಆದ್ದರಿಂದ ಕೋರ್ಸು ಮುಗಿದ ಮೇಲೆ ಅರ್ಜಿದಾರರು ದೇಶ ಬಿಟ್ಟು ಹೊರಡುತ್ತಾರೆಂದು ನಮಗೆ ಮನವರಿಕೆಯಾಗಿಲ್ಲ.

ಆ ಸಾಲು ನನಗೆ ನೆನಪಿತ್ತು. ನಾನೇ ಟೈಪ್ ಮಾಡಿದ್ದೆ. ನೋಡಿಯೂ ಇದ್ದೆ, ಆದರೆ ಅದು ನನ್ನ ಕಣ್ಣಿಗೆ ಸಾಲಾಗಿ ಕಂಡೇ ಇರಲಿಲ್ಲ. ಯಾವ ಮನುಷ್ಯನಾದರೂ ತಾರೀಖು ಹಾಕಿ ಹೊರಗಟ್ಟಿದ ಮೇಲೆ ಅಷ್ಟಾದರೂ ಹೇಳದೆ ಕಾಗದ ಮುಗಿಸುತ್ತಾನೆಯೇ? ನಮಸ್ಕಾರ ಎಂದು ಬರೆದ ಹಾಗೆ ಅದು. ಟೈಪ್ ಮಾಡುವಾಗ, ಪರವಾಗಿಲ್ಲ, ಮರ್ಯಾದೆ ಗೊತ್ತಿರುವವನೇ, ಎಂದು ಕೂಡ ಅನ್ನಿಸಿತ್ತು.

“ನಾಲ್ಕು ಸಲ ಓದಿದ್ರಿ ನೀವು. ನನ್ನ ಕಣ್ಣೆದುರಿಗೇ,” ಎಂದಳು ಮಿಮೋಜಾ.

“ಓದಿದ್ದೆ.”

“ಮಾವನಿಗೆ ಬಾಯಿಗೆ ಬಂದ ಹಾಗೆ ಅಂದ್ರಿ. ಅವರು ಹೊಟ್ಟೆಗೆ ಹಾಕ್ಕೊಂಡ್ರು, ಯಾಕೆ ಅಂದ್ರೆ ನಿಮಗೆ ಕೆಲಸ ಗೊತ್ತು ಅಂತ ನಾನು ಹೇಳಿದ್ದೆ. ಏನು ಗೊತ್ತು ನಿಮಗೆ?”

ಹದಿನೆಂಟು ವರ್ಷದಲ್ಲಿ ಯಾರೂ ನನ್ನ ಕೋಣೆಯಲ್ಲಿ ನಿಂತು ನನ್ನನ್ನು ಹಾಗೆ ಕೇಳಿರಲಿಲ್ಲ. ಎದುರುತ್ತರ ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ.

ಮಾರನೆಯ ದಿನ ಬೈರಾಮ್ ವಿಮಾನದಲ್ಲಿ ಬಂದಿಳಿದ. ಅಕ್ಕ, ಅಕ್ಕನ ಮಗಳನ್ನು ಕರೆದುಕೊಂಡು ನೇರ ನನ್ನಲ್ಲಿಗೇ ಬಂದ. ಗಡ್ಡ ಬೋಳಿಸಿರಲಿಲ್ಲ, ಕೆಲಸದ ಬೂಟುಗಳಲ್ಲಿ ಸಿಮೆಂಟು ಹಾಗೇ ಇತ್ತು. ಬಂದವನೇ, “ಶುರು ಮಾಡಿ. ನನ್ನಿಂದ್ಲೇ ಆಯ್ತು ಅಂತ ಹೇಳಿ,” ಎಂದ.

“ನೀವು ಬರೆದಿದ್ದು ನೀವು ಬರೆದ್ರಿ. ಅದನ್ನ ತೆಗೆಯೋದು ನನ್ನ ಕೆಲಸ ಆಗಿತ್ತು. ತಪ್ಪು ನಂದು.”

ಅವನು ಜಗಳಕ್ಕೆ ಸಿದ್ಧನಾಗಿ ಬಂದಿದ್ದ. ಇದಕ್ಕೆ ಸಿದ್ಧನಿರಲಿಲ್ಲ. ಆದರೂ ಮೆತ್ತಗಾಗಲಿಲ್ಲ. “ನಿಮ್ಮದಾದ್ರೇನು ನನ್ನದಾದ್ರೇನು, ಹೋಗಿದ್ದು ಇವಳ ಕೆಲಸ. ಈಗ ಬಾಯಲ್ಲಿ ತಪ್ಪೊಪ್ಕೊಂಡ್ರೆ ಇವಳಿಗೆ ಹೊಟ್ಟೆ ತುಂಬುತ್ತಾ?”

ದಿನ ಇನ್ನೂ ಇತ್ತು. ಹೊಸ ಅರ್ಜಿ ಹಾಕಿದರೆ ಮೂರು ವಾರ, ಜನವರಿಗೆ ಸಾಕು. ವೀಸಾ ಅದೇ, ಅದರಲ್ಲಿ ತಪ್ಪಿರಲಿಲ್ಲ. ಆದರೆ ಮಾವನ ಮನೆ ಎಂದು ಇನ್ನೊಮ್ಮೆ ಬರೆದರೆ ಆ ಬಾಗಿಲಿನ ಮಾತೇ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಅದನ್ನು ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿರುವಾಗ ಮಿಮೋಜಾ ತನ್ನ ಫೋನು ತೆಗೆದು ನನ್ನ ಮುಂದಿಟ್ಟಳು. ಲೀಡ್ಸ್ ಶಾಲೆಯವರು ಕೊಟ್ಟ ಬಾಡಿಗೆ ಕೋಣೆಗಳ ಪಟ್ಟಿಯಿಂದ ಒಬ್ಬ ಹೆಂಗಸಿಗೆ ಅವಳೇ ಬರೆದಿದ್ದಳು. ಉತ್ತರ ನಾಲ್ಕೇ ಸಾಲು. ಕೋಣೆ ಇದೆ. ಜನವರಿ ಒಂಬತ್ತರಿಂದ. ಆಗಸ್ಟ್ ಇಪ್ಪತ್ತೆರಡರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಖಾಲಿ ಮಾಡತಕ್ಕದ್ದು. ಅತಿಥಿಗಳನ್ನು ಕರೆತರುವಂತಿಲ್ಲ.

“ಇದು! ಇಂಥದ್ದು ಬೇಕು ಅವರಿಗೆ,” ಎಂದೆ ನಾನು.

ಬೈರಾಮ್ ಫೋನು ಎತ್ತಿಕೊಂಡು ಓದಿದ. ತುಟಿ ಅಲುಗಾಡಿಸುತ್ತಾ ಎರಡು ಸಲ ಓದಿದ. “ನಾನಿರೋ ಊರಲ್ಲಿ ನನ್ನ ಅಕ್ಕನ ಮಗಳು ದುಡ್ಡು ಕೊಟ್ಟು ಯಾರದೋ ಮನೇಲಿ ಮಲಗ್ತಾಳಾ?”

“ಹೌದು,” ಎಂದಳು ಮಿಮೋಜಾ.

“ನಾನು ಸತ್ತಿಲ್ಲ ಇನ್ನೂ.”

“ಬೈರಾಮ್, ಅವಳು ಹೇಳೋದನ್ನ ಕೇಳೋ,” ಎಂದಳು ಸಬ್ರಿಯೆ.

“ನೀನು ಸುಮ್ನಿರಕ್ಕ!” ಎಂದು ಅವನು ಕಿರುಚಿದ. ಆಮೇಲೆ ನನ್ನ ಕಡೆ ತಿರುಗಿದ, ಇಷ್ಟಕ್ಕೆಲ್ಲ ನಾನೇ ಕಾರಣ ಎನ್ನುವ ಹಾಗೆ. “ಹನ್ನೊಂದು ವರ್ಷ ಆಯ್ತು ಆ ಮನೆ ತಗೊಂಡು. ಮಹಡಿ ಮೇಲೆ ಒಂದು ಕೋಣೆ ಇದೆ. ಮಂಚ ಹಾಕ್ಸಿದೀನಿ. ಅವ್ವಂಗೆ ಮೂರು ಸಲ ಅರ್ಜಿ ಹಾಕಿದೆ, ಮೂರು ಸಲಾನೂ ಇಲ್ಲ ಅಂದ್ರು. ಅಕ್ಕಂಗೆ ಎರಡು ಸಲ. ಅವ್ವ ಆ ಮನೆ ನೋಡ್ದೆ ಸತ್ಲು. ನನ್ನ ಹೆಂಡ್ತಿ ಪೋಲೆಂಡಿನೋಳು, ಅವಳ ಕಡೆಯವ್ರು ಪ್ರತಿ ಕ್ರಿಸ್‌ಮಸ್‌ಗೆ ಬರ್ತಾರೆ, ತಿಂತಾರೆ, ಮಲಗ್ತಾರೆ, ಹೋಗ್ತಾರೆ. ನನ್ನ ಕಡೆಯಿಂದ ಅಂತ ಒಂದು ಜೀವ ಅಲ್ಲಿ ಒಂದು ರಾತ್ರಿ ಮಲಗಿಲ್ಲ. ಅಪ್ಪಂಗೆ ಯಾರೂ ಇಲ್ವಾ ಅಂತ ನನ್ನ ಮಕ್ಕಳೇ ಕೇಳ್ತಾರೆ.”

ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು. ಅವನು ಹಟ ಮಾಡುತ್ತಿದ್ದಾನೆ ಎಂದುಕೊಂಡಿದ್ದೆ. ಅವನು ಹನ್ನೊಂದು ವರ್ಷದಿಂದ ಕಾಯುತ್ತಿದ್ದ.

ಮಿಮೋಜಾ ಮಾತ್ರ ಕರಗಲಿಲ್ಲ. “ಮಾವ, ನನಗೆ ಮಂಚ ಬೇಡ. ಸರ್ಟಿಫಿಕೇಟ್ ಬೇಕು. ನಿಮ್ಮನೇಗೆ ಬರ್ತೀನಿ ಅಂದ್ರೆ ಲೀಡ್ಸ್‌ಗೇ ಬರಕ್ಕಾಗಲ್ಲ. ಆಮೇಲೆ ಎಂಟು ವರ್ಷ ಪಾಠ ಮಾಡಿದ ಕ್ಲಾಸಿನಲ್ಲಿ ಆ ಹೆಡ್‌ಮಾಸ್ಟರ ನಾದಿನಿ ಕೂರ್ತಾಳೆ, ನಾನು ಅದೇ ರಸ್ತೇಲಿ ತಿರುಗ್ತಿರ್ತೀನಿ. ಅದು ನಿಮಗೆ ಮರ್ಯಾದೆನಾ?”

ಇಂಥ ಮಾತು ನಾನೂ ಆಡಿರಲಿಲ್ಲ. ಬೈರಾಮ್ ಕೂತ.

ಹಿಂದಿನ ಅರ್ಜಿಯಲ್ಲಿ ಮಾವನ ಮನೆ ಎಂದಿತ್ತು, ಈಗ ಬೇರೆ ಮನೆ ಎಂದು ಬರೆಯುತ್ತೇವೆ. ಯಾಕೆ ಬದಲಾಯಿತು ಎಂದು ಅವರು ಕೇಳದೆ ಬಿಡುವುದಿಲ್ಲ. ಹಾಗಾಗಿ ಮಾವನೇ ಒಂದು ಕಾಗದ ಕೊಡಬೇಕಿತ್ತು. ನಾನು ಹಾಳೆ ಇಟ್ಟೆ. ಅವನು ಪೆನ್ನು ಮುಟ್ಟಲಿಲ್ಲ. ಮಿಮೋಜಾ ಪೆನ್ನಿನ ಮುಚ್ಚಳ ತೆಗೆದು ಅವನ ಬೆರಳುಗಳ ನಡುವೆ ಇಟ್ಟಳು.

“ಹೇಳಿ. ಏನು ಬರೀಬೇಕು?” ಎಂದ, ನನ್ನ ಮುಖ ನೋಡದೆ.

“ಮಿಮೋಜಾ ನನ್ನ ಮನೆಯಲ್ಲಿ ತಂಗುವುದಿಲ್ಲ.”

ಬರೆದ.

ಅಷ್ಟು ಸಾಕಾಗಿತ್ತು. ಈಗ ಯೋಚಿಸಿದರೆ ಅಷ್ಟೇ ಸಾಕಾಗಿತ್ತು. ಆದರೆ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೆ, ಈ ಸಲ ಒಂದು ಬಿರುಕೂ ಉಳಿಯಬಾರದೆಂಬ ರೋಷ ನನಗೆ. “‘ಒಂದು ರಾತ್ರಿಯೂ’ ಅಂತ ಸೇರಿಸಿ,” ಎಂದೆ.

ಅವನು ತಲೆ ಎತ್ತಿದ. “ಒಂದು ರಾತ್ರೀನೂ?”

“ಹೌದು, ಒಂದು ರಾತ್ರಿಯೂ ತಂಗುವುದಿಲ್ಲ. ಆಗಸ್ಟ್ ಇಪ್ಪತ್ತೆರಡರಂದು ದೇಶ ಬಿಟ್ಟು ಹೊರಡುತ್ತಾಳೆ. ಅಷ್ಟೇ. ಅದರ ಕೆಳಗೆ ನಿಮ್ಮ ಹೆಸರು ಬಿಟ್ಟು ಒಂದಕ್ಷರ ಇರಬಾರದು.”

ಸಬ್ರಿಯೆ ಎದ್ದು ಹೊರಗೆ ಹೋದಳು. ಅವನು ಬರೆದು, ಸಹಿ ಹಾಕಿ, ಹಾಳೆ ನನ್ನ ಕಡೆ ತಳ್ಳಿದ. ನಾನು ಓದಿದೆ. ತಾರೀಖು, ನಂಬರು ನೋಡಿದೆ. ಆಮೇಲೆ ಸೌಜನ್ಯದ ಮಾತೇನಾದರೂ ನುಸುಳಿದೆಯೋ ಎಂದು ಒಂದೊಂದು ಪದವನ್ನೂ ಹೆಕ್ಕಿ ನೋಡಿದೆ. ಇರಲಿಲ್ಲ. ಹದಿನೆಂಟು ವರ್ಷದಲ್ಲಿ ಇಷ್ಟು ಕಟ್ಟುನಿಟ್ಟಾದ ಕಾಗದ ನನ್ನ ಮೇಜಿಗೆ ಬಂದಿರಲಿಲ್ಲ. ಕಾಫಿ ತರಿಸಲೇ ಎಂದು ಕೇಳಿದೆ. ಬೇಡ ಎಂದ.

ಡಿಸೆಂಬರ್ ಮೊದಲ ವಾರ ವೀಸಾ ಬಂತು. ಸಬ್ರಿಯೆ ಫೋನು ಮಾಡಿ ತಿಳಿಸಿದಳು. ಮಿಮೋಜಾ ಹೋಗುವ ಮುಂಚೆ ನನ್ನನ್ನು ನೋಡಲು ಬರಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ.

ಮಾರ್ಚಿನಲ್ಲಿ ಒಂದು ದಿನ ಅವಳದೇ ಫೋನು ಬಂತು. ಶಾಲೆಗೆ ಯಾವುದೋ ಸರ್ಟಿಫಿಕೇಟಿನ ಅನುವಾದ ಬೇಕಿತ್ತು. ಕೆಲಸದ ಮಾತು ಮುಗಿದ ಮೇಲೆ, ಸುಮ್ಮನಿರಲಾರದೆ, ಮಾವ ಹೇಗಿದ್ದಾರೆ ಎಂದು ಕೇಳಿದೆ.

“ಪ್ರತಿ ಭಾನುವಾರ ಊಟಕ್ಕೆ ಹೋಗ್ತೀನಿ. ಮಾವಾನೇ ಅಡುಗೆ ಮಾಡ್ತಾರೆ. ಆರು ಗಂಟೆ ಹೊಡೀತಿದ್ದ ಹಾಗೆ ಅವರೇ ಎದ್ದು ನನ್ನ ಕೋಟು ತಂದು ಕೈಗೆ ಕೊಡ್ತಾರೆ.”

“ಯಾವತ್ತಾದ್ರೂ ಒಂದು ರಾತ್ರಿ ಅಲ್ಲೇ ಉಳ್ಕೊಳ್ಳಮ್ಮ. ಯಾರೂ ಹಿಡ್ಕೊಂಡು ಹೋಗಲ್ಲ. ಅದೇನೂ ಕಾನೂನು ಅಲ್ಲ, ನಾನು ಸುಮ್ನೆ ಬರೆಸಿದ್ದು ಅದು.”

“ಹೋದ ತಿಂಗಳು ಹಿಮ ಬಿದ್ದು ಬಸ್ಸೆಲ್ಲ ನಿಂತುಹೋದಾಗ ನಾನೂ ಅದನ್ನೇ ಹೇಳ್ದೆ. ಅತ್ತೆನೂ ಹೇಳಿದ್ರು, ಮಕ್ಕಳೂ ಅತ್ವು. ಮಾವ ಕೇಳಲಿಲ್ಲ. ಒಂದು ರಾತ್ರೀನೂ ಇಲ್ಲ ಅಂತ ಬರೆದು ಸಹಿ ಹಾಕಿ ಕೊಟ್ಟಿದೀನಿ, ಅದು ನಾನು ಕೊಟ್ಟ ಮಾತು ಅಂದ್ರು. ಆ ಹಿಮದಲ್ಲಿ ಎರಡು ಗಂಟೆ ನನ್ನ ಜೊತೆ ನಡ್ಕೊಂಡು ಬಂದು, ನನ್ನ ಬಾಡಿಗೆ ಮನೆ ಬಾಗಿಲಿಗೆ ಬಿಟ್ಟು, ಹಾಗೇ ವಾಪಸ್ ನಡ್ಕೊಂಡು ಹೋದ್ರು.”